ಯಾವ ಮಿಸ್ಟರಿ ಡಂಜನ್ ಆಡಲಿ? ನಿಮ್ಮ ಬ್ಯಾಗಿನ ಮೇಲೆ ನಿಮಗೆಷ್ಟು ಪ್ರೀತಿ ಅನ್ನುವುದನ್ನು ನೋಡಿಕೊಳ್ಳಿ

ಪೊಕೆಮಾನ್ ಮಿಸ್ಟರಿ ಡಂಜನ್ ಆಟಗಳಲ್ಲಿ ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕೈಲಿ ಯಾವ ಗೇಮ್ ಮಷೀನ್ ಇದೆ? ಮತ್ತೆ, ಅಷ್ಟು ಹೊತ್ತು ಒದ್ದಾಡಿ ಕೂಡಿಸಿದ ದುಡ್ಡು, ಸಾಮಾನು ಎಲ್ಲ ಒಂದೇ ಏಟಿಗೆ ಹೋದರೆ ನಿಮಗೆ ನಗು ಬರುತ್ತದೋ, ಮಷೀನನ್ನೇ ಗೋಡೆಗೆ ಎಸೆಯೋಣ ಅನ್ನಿಸುತ್ತದೋ? ಮೊದಲನೆಯದಕ್ಕೆ ಉತ್ತರ ಸುಲಭ. ಎಲ್ಲ ನಿಂತಿರುವುದು ಎರಡನೆಯದರ ಮೇಲೆ. ಈ ಸರಣಿಯ ಜೀವ ಇರುವುದೇ ಆ ಭಯದಲ್ಲಿ. 2005ರಿಂದ 2020ರವರೆಗೆ ಬಂದ ಆಟಗಳಲ್ಲಿ ಒಂದೊಂದರಲ್ಲಿ ಆ ಭಯ ಒಂದೊಂದು ಅಳತೆಯಲ್ಲಿದೆ. ನಿಮಗೆ ಎಷ್ಟು ಬೇಕೋ ಅಷ್ಟಿರುವುದನ್ನು ಆರಿಸಿಕೊಂಡರೆ ಆಯಿತು.

ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಟಿವಿಯಲ್ಲಿ ನೋಡಿದ ಪೊಕೆಮಾನ್ ಅಲ್ಲ. ಟ್ರೇನರ್ ಇಲ್ಲ, ಚೆಂಡು ಎಸೆದು ಹಿಡಿಯುವುದಿಲ್ಲ, ಜಿಮ್ ಇಲ್ಲ. ಆ ಲೋಕದಲ್ಲಿ ಮನುಷ್ಯರೇ ಇಲ್ಲ. ನೀವು ಮನುಷ್ಯರಾಗಿದ್ದವರು, ಕಣ್ಣು ಬಿಟ್ಟಾಗ ಪೊಕೆಮಾನ್ ಆಗಿಬಿಟ್ಟಿರುತ್ತೀರಿ, ಹೆಸರೊಂದು ಬಿಟ್ಟರೆ ಹಿಂದಿನದು ಹೆಚ್ಚೇನೂ ನೆನಪಿರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಪೊಕೆಮಾನ್ ನಿಂತು 'ಎದ್ದೆಯಾ?' ಅನ್ನುತ್ತದೆ. ಅದೇ ಇನ್ನು ಮುಂದೆ ನಿಮ್ಮ ಜೊತೆಗಾರ. ಇಬ್ಬರೂ ಸೇರಿ ಒಂದು ತಂಡ ಕಟ್ಟುತ್ತೀರಿ, ಕಷ್ಟದಲ್ಲಿರುವವರನ್ನು ಹುಡುಕಿಕೊಂಡು ಡಂಜನ್‌ಗಳಿಗೆ, ಅಂದರೆ ಮಹಡಿ ಮಹಡಿಯಾಗಿರುವ ಗವಿ, ಕಾಡುಗಳ ಜಾಲಕ್ಕೆ, ಇಳಿಯುತ್ತೀರಿ. ಹೊಡೆದಾಟದಲ್ಲಿ ಸೋತ ಎದುರಾಳಿಗಳಲ್ಲಿ ಕೆಲವರು 'ನಾನೂ ನಿಮ್ಮ ಜೊತೆ ಬರಲಾ?' ಅಂತ ತಾವಾಗಿಯೇ ಕೇಳುತ್ತಾರೆ. ಹಾಗೆ ಸೇನೆ ಬೆಳೆಯುತ್ತದೆ.

ಮಾಡಿದವರು ಜಪಾನಿನ ಚುನ್‌ಸಾಫ್ಟ್, ಈಗ ಸ್ಪೈಕ್ ಚುನ್‌ಸಾಫ್ಟ್. ಪೊಕೆಮಾನ್‌ಗೆ ಕೈ ಹಾಕುವ ಮೊದಲೇ ಅವರು ಈ ಬಗೆಯ ಆಟದಲ್ಲಿ ಪಳಗಿದ್ದರು. 1993ರಲ್ಲಿ ಟೊರ್ನೆಕೊ ಅನ್ನುವ ವ್ಯಾಪಾರಿಯ ಆಟ, 1995ರಲ್ಲಿ ಶಿರೆನ್. ಇವೆಲ್ಲದರ ಮೂಲಪುರುಷ 1980ರ ರೋಗ್ ಅನ್ನುವ ಕಂಪ್ಯೂಟರ್ ಆಟ, ಅದರಲ್ಲಿ ಗೋಡೆ, ರಾಕ್ಷಸ, ಬಾಗಿಲು ಎಲ್ಲವೂ ಅಕ್ಷರ ಮತ್ತು ಚುಕ್ಕಿಗಳೇ. ಒಳಗೆ ಹೋದಾಗಲೆಲ್ಲ ಕೋಣೆಗಳು, ದಾರಿಗಳು, ಮೆಟ್ಟಿಲ ಜಾಗ ಎಲ್ಲ ಹೊಸದಾಗಿ ಹುಟ್ಟುತ್ತವೆ. ನಕ್ಷೆ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ನೀವು ಒಂದು ಹೆಜ್ಜೆ ಇಟ್ಟರೆ ಆ ಮಹಡಿಯಲ್ಲಿರುವ ಎಲ್ಲರೂ ಒಂದು ಹೆಜ್ಜೆ ಇಡುತ್ತಾರೆ, ನೀವು ಸುಮ್ನೆ ನಿಂತರೆ ಅವರೂ ನಿಂತಿರುತ್ತಾರೆ. ಚೌಕಾಬಾರದ ಹಾಗೆ, ನಿಮ್ಮ ಕಾಯಿ ನಡೆಸಿದ ಮೇಲೇ ಎದುರಿನವರ ಸರದಿ. ಹಾಗಾಗಿ ಬೆರಳಿನ ಚುರುಕು ಇಲ್ಲಿ ಲೆಕ್ಕಕ್ಕಿಲ್ಲ. ಬಸ್ಸಿನಲ್ಲಿ ಕೂತು, ಕಂಡಕ್ಟರ್‌ಗೆ ಚಿಲ್ಲರೆ ಕೊಟ್ಟು, ಮತ್ತೆ ಬಂದು ಯೋಚನೆ ಮಾಡಿ ಆಡಬಹುದು. ಕೈಲಿ ಹಿಡಿದು ಆಡುವ ಮಷೀನ್‌ಗೆ ಇದಕ್ಕಿಂತ ಹೊಂದುವ ಬಗೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ಆ ಭಯ ಅಂದೆನಲ್ಲ, ಅದು ಹೇಗಿರುತ್ತದೆ ಅಂತ ಹತ್ತಿರದಿಂದ ತೋರಿಸುತ್ತೇನೆ. ನೀವು ಸ್ಕ್ವರ್ಟಲ್, ಜೊತೆಗಾರ ಪಿಕಾಚು ಅಂದುಕೊಳ್ಳಿ. ಡಂಜನ್‌ನ ಏಳನೇ ಮಹಡಿ. ಬ್ಯಾಗಿನಲ್ಲಿ ಒಂದೇ ಒಂದು ಸೇಬು, ಗಾಯ ಮಾಯಿಸುವ ಎರಡು ಓರನ್ ಬೆರ್ರಿ, ಬಿದ್ದವರನ್ನು ಒಮ್ಮೆ ಎಬ್ಬಿಸುವ ಒಂದು ರಿವೈವರ್ ಸೀಡ್, ಒಂದು ಎಸ್ಕೇಪ್ ಆರ್ಬ್, ಜೊತೆಗೆ ಬ್ಯಾಂಕಿಗೆ ಹಾಕಲು ಮರೆತ ದುಡ್ಡು. ಹೊಟ್ಟೆಯ ಅಂಕ ಇಳಿಯುತ್ತಲೇ ಇದೆ, ಯಾಕೆಂದರೆ ಇಲ್ಲಿ ನಡೆದಷ್ಟೂ ಹಸಿವು. ಒಂದು ದೊಡ್ಡ ಕೋಣೆಗೆ ಕಾಲಿಟ್ಟ ತಕ್ಷಣ ಸಂಗೀತ ಬದಲಾಗುತ್ತದೆ, 'ಇದು ಮಾನ್‌ಸ್ಟರ್ ಹೌಸ್!' ಅಂತ ಪರದೆ ಮೇಲೆ ಬರುತ್ತದೆ, ಮೇಲಿಂದ ಒಂದು ಹಿಂಡು ದಬದಬ ಬೀಳುತ್ತದೆ. ಈಗ ಏನು ಮಾಡುತ್ತೀರಿ? ಒಂದು ಹೆಜ್ಜೆ ಹಿಂದೆ ಸರಿದು ಬಂದ ದಾರಿಯಲ್ಲೇ ನಿಂತರೆ ಒಂದು ಸಲಕ್ಕೆ ಒಬ್ಬರೇ ಮೈಮೇಲೆ ಬರಬಹುದು, ಅದು ಒಳ್ಳೆಯದು. ಆದರೆ ಪಿಕಾಚು ನಿಮ್ಮ ಮಾತು ಕೇಳದೆ ಕೋಣೆಯೊಳಗೇ ಹೊಡೆದಾಡುತ್ತಾ ಉಳಿದುಬಿಟ್ಟಿದ್ದಾನೆ. ಕಥೆ ನಡೆಯುತ್ತಿರುವಾಗ, ಆ ಸೀಡ್ ಮುಗಿದ ಮೇಲೆ ಅವನು ಬಿದ್ದರೂ ಆಟ ಮುಗಿದಂತೆಯೇ. ಎಸ್ಕೇಪ್ ಆರ್ಬ್ ಹಚ್ಚಿದರೆ ಎಲ್ಲರೂ ಸಾಮಾನಿನ ಸಮೇತ ಮನೆಗೆ, ಆದರೆ ನಾಳೆ ಮತ್ತೆ ಒಂದನೇ ಮಹಡಿಯಿಂದ. ನಿಂತು ಹೋರಾಡಿದರೆ ಗೆದ್ದರೂ ಗೆಲ್ಲಬಹುದು, ಸೋತರೆ ಕೈಲಿದ್ದ ದುಡ್ಡು ಪೂರ್ತಿ, ಸಾಮಾನಿನಲ್ಲಿ ಒಂದಿಷ್ಟು ಹೋಯಿತು. ಪೂರ್ತಿ ಆಟ ಅಂದರೆ ಇಂಥ ತೀರ್ಮಾನಗಳ ಸಾಲು. ಕಥೆ, ಚಿತ್ರ, ಸಂಗೀತ ಎಲ್ಲ ಆಮೇಲೆ.

ಇದರ ಮಧ್ಯೆ ಕೆಕ್ಲಿಯಾನ್ ಅಂಗಡಿ ಬೇರೆ. ಡಂಜನ್ ಒಳಗೇ ಒಂದು ಜಮಖಾನ ಹಾಸಿ, ಅದರ ಮೇಲೆ ಸಾಮಾನು ಜೋಡಿಸಿ, ಹಸಿರು ಬಣ್ಣದ ಕೆಕ್ಲಿಯಾನ್ ನಗುತ್ತಾ ನಿಂತಿರುತ್ತದೆ. ದುಡ್ಡು ಕೊಡದೆ ಎತ್ತಿಕೊಂಡು ಓಡಬಹುದು, ಆಟ ತಡೆಯುವುದಿಲ್ಲ. ಓಡಿ ನೋಡಿ ಒಂದು ಸಲ. ಎಲ್ಲಾ ಮೂಲೆಯಿಂದ ಕೆಕ್ಲಿಯಾನ್‌ಗಳು ನುಗ್ಗಿ ಬಂದು ಚಚ್ಚುತ್ತವೆ, ಒಂದೊಂದರ ಶಕ್ತಿ ನಿಮ್ಮ ಇಡೀ ತಂಡಕ್ಕಿಂತ ಜಾಸ್ತಿ.

ಸರಿ, ಒಂದೊಂದಾಗಿ ನೋಡೋಣ. ಎಲ್ಲದಕ್ಕೂ ಸಮನಾಗಿ ಜಾಗ ಕೊಡುವುದಿಲ್ಲ, ಎಲ್ಲವೂ ಸಮನಾಗಿ ಚೆನ್ನಾಗಿಲ್ಲ.

ರೆಡ್ / ಬ್ಲೂ ರೆಸ್ಕ್ಯೂ ಟೀಮ್

ಜಪಾನಿನಲ್ಲಿ 2005ರ ನವೆಂಬರ್, ಅಮೆರಿಕದಲ್ಲಿ 2006. ರೆಡ್ ಗೇಮ್‌ಬಾಯ್ ಅಡ್ವಾನ್ಸ್‌ಗೆ, ಬ್ಲೂ ಡಿಎಸ್‌ಗೆ, ಎರಡೂ ನಿಂಟೆಂಡೊದ ಕೈಲಿ ಹಿಡಿಯುವ ಮಷೀನ್‌ಗಳು. ಎರಡೂ ಹೆಚ್ಚುಕಡಿಮೆ ಒಂದೇ ಆಟ. ಬ್ಲೂನಲ್ಲಿ ಎರಡು ಪರದೆ ಇರುವುದರಿಂದ ನಕ್ಷೆ ನೋಡಲು ಅನುಕೂಲ, ಅಷ್ಟೇ. ಆಗಿದ್ದ 386 ಪೊಕೆಮಾನ್‌ಗಳೂ ಇದರಲ್ಲಿವೆ.

ಇದರ ಶಕ್ತಿ ಅದರ ಒರಟುತನ. ಶುರುವಿನಲ್ಲಿ ನಿಮ್ಮ ಸ್ವಭಾವದ ಬಗ್ಗೆ ಪ್ರಶ್ನೆ ಕೇಳಿ ನೀವು ಯಾವ ಪೊಕೆಮಾನ್ ಅಂತ ಅದೇ ಹೇಳಿಬಿಡುತ್ತದೆ. 16ರಲ್ಲಿ ಒಂದು. ಬೇಡ ಅನ್ನಲು ಅವಕಾಶವಿಲ್ಲ. ಪಿಕಾಚು ಆಗಬೇಕು ಅಂದುಕೊಂಡು ಕೂತವರಿಗೆ 'ನೀವು ಸ್ಕಿಟಿ' ಅಂದರೆ ಹೇಗಿರುತ್ತದೆ ಹೇಳಿ. ಆದರೆ ವಿಚಿತ್ರ ಅಂದರೆ, ಸ್ವಲ್ಪ ಹೊತ್ತಿಗೆ ಆ ಸ್ಕಿಟಿಯೇ ನೀವಾಗಿಬಿಡುತ್ತೀರಿ. ಮೊದಲ ಕೆಲಸ ಟೈನಿ ವುಡ್ಸ್‌ನಲ್ಲಿ ಬಿದ್ದಿರುವ ಕ್ಯಾಟರ್ಪಿಯನ್ನು ಅದರ ಅಮ್ಮ ಬಟರ್‌ಫ್ರೀ ಹತ್ತಿರ ತಲುಪಿಸುವುದು. ಅಲ್ಲಿಂದ ಶುರುವಾಗಿ, ಊರಿಗೂರೇ ನಿಮ್ಮನ್ನು ಅನುಮಾನದಿಂದ ನೋಡಿ ಓಡಿಸುವವರೆಗೆ ಕಥೆ ಹೋಗುತ್ತದೆ. ನೈನ್‌ಟೇಲ್ಸ್‌ನ ಶಾಪದ ಕಥೆ, ಗೆಂಗಾರ್‌ನ ಕುತಂತ್ರ, ಹಿಮ ಬೆಂಕಿ ಎರಡರ ನಡುವೆ ಓಡಾಟ. ಆ ಓಡುವ ಭಾಗದಲ್ಲಿ ಊರು, ಬ್ಯಾಂಕು, ಅಂಗಡಿ ಯಾವುದೂ ಕೈಗೆ ಸಿಗುವುದಿಲ್ಲ. ಹೆಚ್ಚುಕಡಿಮೆ ಬ್ಯಾಗಿನಲ್ಲಿ ಇದ್ದಷ್ಟೇ ಗತಿ. ಆಟದ ನಿಯಮವೂ ಕಥೆಯೂ ಒಂದೇ ಮಾತು ಹೇಳುವ ಜಾಗ ಅದು, ನನಗೆ ಈ ಸರಣಿಯಲ್ಲಿ ಅತಿ ಇಷ್ಟದ ಭಾಗಗಳಲ್ಲಿ ಒಂದು.

ದೌರ್ಬಲ್ಯಗಳೂ ಒರಟೇ. ಜೊತೆಗಾರರ ಬುದ್ಧಿ ಅಷ್ಟಕ್ಕಷ್ಟೆ, ಗಮ್ಮಿ ಅನ್ನುವ ಮಿಠಾಯಿ ತಿನ್ನಿಸಿ ತಿನ್ನಿಸಿ ಬುದ್ಧಿ ಬೆಳೆಸಬೇಕು. ಹೊಸ ಪೊಕೆಮಾನ್ ಸೇರಬೇಕಾದರೆ ಅದು ಇರಲು ಬೇಕಾದ ಜಾಗವನ್ನು ಮೊದಲೇ ವಿಗ್ಲಿಟಫ್ ಹತ್ತಿರ ಕೊಂಡಿರಬೇಕು. ಸೇರಿದ ಮೇಲೂ ಅದು ಡಂಜನ್ ಮುಗಿಯುವ ಮೊದಲು ಬಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿಕಾಸ, ಅಂದರೆ ಚಾರ್ಮಾಂಡರ್ ಚಾರ್ಮೀಲಿಯನ್ ಆಗುವುದು, ಮುಖ್ಯ ಕಥೆ ಮುಗಿಯುವವರೆಗೂ ಇಲ್ಲವೇ ಇಲ್ಲ. ಇದು ಹೆಚ್ಚುಕಡಿಮೆ ಇಡೀ ಸರಣಿಯ ರೋಗ, ಬೇರೆ ಪೊಕೆಮಾನ್ ಆಟ ಆಡಿ ಬಂದವರಿಗೆ ತಡೆದುಕೊಳ್ಳುವುದು ಕಷ್ಟ. ಡಂಜನ್ ಮಧ್ಯೆ ಸೇವ್ ಮಾಡದೆ ಮಷೀನ್ ಆರಿಸಿದರೆ ಸೋತಂತೆ ಲೆಕ್ಕ. ಮನೆಯಲ್ಲಿ ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾದರೂ ಅದಕ್ಕೆ ಕರುಣೆ ಇಲ್ಲ.

ರೆಡ್ ಆಟವನ್ನು ನಿಂಟೆಂಡೊ 2024ರ ಆಗಸ್ಟ್‌ನಲ್ಲಿ ತನ್ನ ಸ್ವಿಚ್ ಮಷೀನಿನ ಚಂದಾ ಸೇವೆಗೆ, ಅಂದರೆ ಸ್ವಿಚ್ ಆನ್‌ಲೈನ್‌ನ ಎಕ್ಸ್‌ಪಾನ್ಷನ್ ಪ್ಯಾಕ್‌ಗೆ ಸೇರಿಸಿತು. ಅಲ್ಲಿ ಬೇಕಾದಾಗ ನಿಲ್ಲಿಸಬಹುದು, ಹಿಂದಕ್ಕೂ ತಿರುಗಿಸಬಹುದು. ಮಾನ್‌ಸ್ಟರ್ ಹೌಸ್‌ಗೆ ಬಿದ್ದಿರಾ? ಹಿಂದಕ್ಕೆ ತಿರುಗಿಸಿ, ಆ ಕೋಣೆಗೆ ಹೋಗಲೇಬೇಡಿ. ಅನುಕೂಲ ಹೌದು. ಆದರೆ ಹಾಗೆ ಆಡಿದರೆ ಆಟದಲ್ಲಿ ಏನು ಉಳಿಯಿತು? ನಿಲ್ಲಿಸುವುದನ್ನು ಬಳಸಿ, ಹಿಂದಕ್ಕೆ ತಿರುಗಿಸುವುದನ್ನು ಮುಟ್ಟಬೇಡಿ ಅಂತ ನನ್ನ ಸಲಹೆ. ಕೇಳುವುದು ಬಿಡುವುದು ನಿಮಗೆ ಸೇರಿದ್ದು.

ಎಕ್ಸ್‌ಪ್ಲೋರರ್ಸ್: ಟೈಮ್, ಡಾರ್ಕ್‌ನೆಸ್, ಸ್ಕೈ

ಟೈಮ್ ಮತ್ತು ಡಾರ್ಕ್‌ನೆಸ್ ಜಪಾನಿನಲ್ಲಿ 2007ರಲ್ಲಿ ಬಂದವು, ಅವೆರಡನ್ನೂ ಸೇರಿಸಿ ಬೆಳೆಸಿದ ಸ್ಕೈ 2009ರಲ್ಲಿ. ಮೂರೂ ಡಿಎಸ್‌ಗೆ. ಸ್ಕೈ ಸಿಗುವಂತಿದ್ದರೆ ಉಳಿದೆರಡರ ಕಡೆ ತಲೆ ಹಾಕಬೇಡಿ. ಅದೇ ಕಥೆ, ಜೊತೆಗೆ ಐದು ವಿಶೇಷ ಅಧ್ಯಾಯಗಳು. ಗಿಲ್ಡಿನ, ಅಂದರೆ ಅನ್ವೇಷಕರ ಸಂಘದ, ಪೆದ್ದು ಬಿಡೂಫ್‌ನದೊಂದು, ಗಿಲ್ಡ್ ಯಜಮಾನನ ಬಾಲ್ಯದ್ದೊಂದು, ಇನ್ನೊಂದು ಮುಖ್ಯ ಕಥೆಯ ಆಚೆ ಬದಿಯದು. ಆ ಕೊನೆಯದನ್ನು ಬಿಟ್ಟರೆ ಅರ್ಧ ಕಥೆ ಬಿಟ್ಟಂತೆ.

ಮುಲಾಜಿಲ್ಲದೆ ಹೇಳುತ್ತೇನೆ, ಸರಣಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಆಟ ಸ್ಕೈ. ಶುರುವಿನಲ್ಲಿ ಹಾಗೆ ಅನ್ನಿಸುವುದಿಲ್ಲ. ವಿಗ್ಲಿಟಫ್‌ನ ಗಿಲ್ಡಿನಲ್ಲಿ ನೀವು ಹೊಸ ಕೆಲಸಗಾರ. ದಿನಾ ಬೆಳಗ್ಗೆ ಲೌಡ್ರೆಡ್ ಬಂದು ಕಿವಿ ಕಿತ್ತುಹೋಗುವ ಹಾಗೆ ಕಿರುಚಿ ಎಬ್ಬಿಸುತ್ತಾನೆ, ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗುತ್ತಾರೆ, ಚಾಟಟ್ ಯಾವುದೋ ಸಣ್ಣ ಕೆಲಸ ಒಪ್ಪಿಸುತ್ತಾನೆ. ದುಡಿದು ತಂದ ದುಡ್ಡಿನಲ್ಲಿ ಹೆಚ್ಚಿನ ಪಾಲು ಗಿಲ್ಡಿಗೆ ಹೋಗುತ್ತದೆ, ನಿಮಗೆ ಉಳಿಯುವುದು ಪುಡಿಗಾಸು. ಇದು ಸುಮಾರು ಹೊತ್ತು ಹೀಗೇ ನಡೆಯುತ್ತದೆ. ಹಲವರು ಇಲ್ಲೇ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಕಾಲವನ್ನು ನಡೆಸುವ 'ಟೈಮ್ ಗೇರ್' ಚಕ್ರಗಳನ್ನು ಯಾರೋ ಕದಿಯುತ್ತಿದ್ದಾರೆ, ಕದ್ದ ಜಾಗದಲ್ಲಿ ಕಾಲವೇ ನಿಲ್ಲುತ್ತಿದೆ ಅನ್ನುವ ಸುದ್ದಿ ಬಂದ ಮೇಲೆ ಕಥೆ ಹಿಡಿಯುವ ಹಿಡಿತವೇ ಬೇರೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ನೀವು ಹಾಕಿಕೊಂಡ ಲೆಕ್ಕ ಪೂರ್ತಿ ಅಡಿಮೇಲಾಗುತ್ತದೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಕೊನೆಯಲ್ಲಿ ಅಳದೆ ಎದ್ದವರನ್ನು ನಾನು ನೋಡಿಲ್ಲ, ಅಳಲಿಲ್ಲ ಅಂತ ಹೇಳಿಕೊಳ್ಳುವವರನ್ನು ನೋಡಿದ್ದೇನೆ.

ಮೊದಲಿನ ಆ ಬೇಜಾರಿನ ದಿನಚರಿಯೇ ಕೊನೆಗೆ ಹೊಡೆತ ಕೊಡುವುದು, ಅದನ್ನು ಗಮನಿಸಿ. ಆ ಕಿರುಚಾಟ, ಆ ಸಾಲು, ವಿಗ್ಲಿಟಫ್‌ನ ಪರ್ಫೆಕ್ಟ್ ಆ್ಯಪಲ್ ಹುಚ್ಚು, ಎಲ್ಲ ನಿಮ್ಮ ಮನೆಯ ಅಭ್ಯಾಸ ಆಗಿಬಿಟ್ಟಿರುತ್ತದೆ. ಜೊತೆಗೆ ಅರಾತಾ ಇಯೋಶಿಯವರ ಸಂಗೀತ. ಡಿಎಸ್‌ನ ಆ ಸಣ್ಣ ಸ್ಪೀಕರ್‌ನಲ್ಲಿ ಕೇಳಬೇಡಿ, ಇಯರ್‌ಫೋನ್ ಹಾಕಿಕೊಳ್ಳಿ.

ಭಯದ ಅಳತೆಯೂ ಸ್ಕೈನಲ್ಲಿ ಹದವಾಗಿದೆ. ಹಸಿವು ಇದೆ, ಸೋತರೆ ನಷ್ಟ ಇದೆ, ಆದರೆ ಕಥೆಯ ಡಂಜನ್‌ಗಳು ಸ್ವಲ್ಪ ಎಚ್ಚರದಿಂದ ಇದ್ದವರಿಗೆ ದಾಟಲು ಆಗುವಂಥವು. ಕಥೆ ಮುಗಿದ ಮೇಲೆ ನಿಜವಾದ ಹಸಿದ ಹುಲಿಗಳು ಕಾದಿರುತ್ತವೆ: ಜೀರೋ ಐಲ್, 99 ಮಹಡಿಯ ಡೆಸ್ಟಿನಿ ಟವರ್. ಡೆಸ್ಟಿನಿ ಟವರ್‌ಗೆ ನಿಮ್ಮ ಲೆವೆಲ್ ಒಂದಕ್ಕಿಳಿಸಿ, ಬರಿಗೈಲಿ ಕಳಿಸುತ್ತಾರೆ. ಅದನ್ನು ಮುಗಿಸಲೇಬೇಕು ಅಂತ ಯಾರೂ ಬಲವಂತ ಮಾಡುವುದಿಲ್ಲ, ಹುಚ್ಚು ಇದ್ದವರಿಗೆ ಮಾತ್ರ.

ದೂರುಗಳು? ಚಿತ್ರ ಹಳೆಯದು, ಚುಕ್ಕಿ ಚುಕ್ಕಿ. ಮಾತು ಜಾಸ್ತಿ, ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಡಂಜನ್‌ಗಳ ಗೋಡೆ ಬಣ್ಣ ಬದಲಾಗುತ್ತದೆ, ಆಕಾರ ಅದೇ ಅದೇ. ಕೆಲವು ಪೊಕೆಮಾನ್ ನಿಮ್ಮ ಜೊತೆ ಸೇರುವ ಸಾಧ್ಯತೆ ಎಷ್ಟು ಕಡಿಮೆ ಅಂದರೆ ಅದನ್ನು ಹೊಡೆದು ಹೊಡೆದು ನಿಮಗೇ ಪಾಪ ಅನ್ನಿಸಬೇಕು. ಮತ್ತೊಂದು ಮುಖ್ಯ ವಿಷಯ, ಒಂದು ಕಾರ್ಟ್ರಿಜ್‌ನಲ್ಲಿ ಒಬ್ಬರೇ ಆಡಬಹುದು, ಸೇವ್ ಒಂದೇ. ಮನೆಯಲ್ಲಿ ಅಣ್ಣ ತಂಗಿ ಇಬ್ಬರಿದ್ದರೆ ಜಗಳ ಖಂಡಿತ.

ಗೇಟ್ಸ್ ಟು ಇನ್ಫಿನಿಟಿ

3ಡಿಎಸ್, ಜಪಾನಿನಲ್ಲಿ 2012, ಹೊರಗೆ 2013. ಇದನ್ನು ಬೇಗ ಮುಗಿಸುತ್ತೇನೆ. ಸ್ವಭಾವದ ಪ್ರಶ್ನೆಗಳನ್ನು ತೆಗೆದುಹಾಕಿದರು, ಆರಿಸಲು ಐದೇ ಪೊಕೆಮಾನ್. ಒಟ್ಟು ಪೊಕೆಮಾನ್‌ಗಳೂ ಸುಮಾರು 140ಕ್ಕೆ ಇಳಿದವು. ಸ್ಕೈನಲ್ಲಿ 490 ದಾಟಿತ್ತು ಅನ್ನುವುದನ್ನು ನೆನಪಿಡಿ. ಹೆಚ್ಚಿನ ಡಂಜನ್‌ಗಳಲ್ಲಿ ಹಸಿವೂ ಇಲ್ಲ. ಹಸಿವು ಇಲ್ಲದ ಮೇಲೆ ಅವಸರ ಇಲ್ಲ, ಅವಸರ ಇಲ್ಲದ ಮೇಲೆ ಮೂಲೆ ಮೂಲೆ ಅಲೆದು ಎಲ್ಲ ಹೆಕ್ಕಿಕೊಂಡು ಹೋಗುವುದೇ ಆಟ. ಒಂದು ಸಲಕ್ಕೆ ಒಂದೇ ಕೆಲಸ ಒಪ್ಪಿಕೊಳ್ಳಬಹುದು, ಹಾಗಾಗಿ ಹೋಗು, ಬಾ, ಹೋಗು, ಬಾ. ಮಾತುಗಳು ಪರದೆ ಮೇಲೆ ಆಮೆಯ ನಡಿಗೆಯಲ್ಲಿ ಬರುತ್ತವೆ. ಮನೆಯಲ್ಲಿರುವ ದುಂಡನೆಯ ವಸ್ತುಗಳನ್ನು ಕ್ಯಾಮೆರಾದಲ್ಲಿ ತೋರಿಸಿದರೆ ಹೊಸ ಡಂಜನ್ ತೆರೆಯುತ್ತದೆ ಅನ್ನುವ ಚಮತ್ಕಾರ ಒಂದಿದೆ, ತಟ್ಟೆ ಲೋಟ ಹುಡುಕಿಕೊಂಡು ಓಡಾಡಲು ಮಕ್ಕಳಿಗೆ ಮಜಾ.

ಒಳ್ಳೆಯದು ಏನೂ ಇಲ್ಲ ಅಂತಲ್ಲ. ಕಥೆ ಮಧ್ಯಭಾಗದ ನಂತರ ಗಟ್ಟಿಯಾಗುತ್ತದೆ, ಎಮೋಲ್ಗಾ ಡನ್‌ಸ್ಪಾರ್ಸ್ ಜೋಡಿ ತುಂಬಾ ಮುದ್ದು, ಸ್ವಂತ ಜಾಗ ಕಟ್ಟಿ ಬೆಳೆಸುವುದು ಖುಷಿ ಕೊಡುತ್ತದೆ. ಆದರೆ ಮೊದಲ ಆಟವಾಗಿ ಇದನ್ನು ಯಾರಿಗೂ ಹೇಳುವುದಿಲ್ಲ. ಇದಕ್ಕೆ ಮಾರುತ್ತಿದ್ದ ಹೆಚ್ಚುವರಿ ಡಂಜನ್‌ಗಳನ್ನು ಈಗ ಕೊಳ್ಳಲೂ ಆಗುವುದಿಲ್ಲ, 3ಡಿಎಸ್‌ನ ಆನ್‌ಲೈನ್ ಅಂಗಡಿ ಇಶಾಪ್ 2023ರ ಮಾರ್ಚ್‌ನಲ್ಲಿ ಮುಚ್ಚಿತು.

ಸೂಪರ್ ಮಿಸ್ಟರಿ ಡಂಜನ್

3ಡಿಎಸ್, 2015. ಗೇಟ್ಸ್‌ಗೆ ಬಂದ ಬೈಗುಳ ಎಲ್ಲ ಕೇಳಿಸಿಕೊಂಡು ಮಾಡಿದ ಹಾಗಿದೆ. ಆಗಿದ್ದ 720 ಪೊಕೆಮಾನ್‌ಗಳೂ ಇವೆ, ಪ್ರಶ್ನೆಗಳು ವಾಪಸ್, ಹಸಿವು ವಾಪಸ್. ಭಯವಂತೂ ಬಡ್ಡಿ ಸಮೇತ ವಾಪಸ್. ಶಾಲೆಗೆ ಹೋಗುವ ಪುಟ್ಟ ಮಕ್ಕಳ ಕಥೆ ಅಂತ ಮೋಸ ಹೋಗಬೇಡಿ, ಎದುರಿಗೆ ಬಂದವರು ಎರಡು ಮೂರು ಏಟಿಗೇ ಮಲಗಿಸಿಬಿಡುತ್ತಾರೆ. ಇಲ್ಲಿ ಮಂತ್ರದಂಡಗಳನ್ನು, ಸಿಡಿಯುವ ಬೀಜಗಳನ್ನು ಕೂಡಿಟ್ಟು ಸಾಯುವುದಕ್ಕಿಂತ ಆಗಾಗಲೇ ಬಳಸುವುದನ್ನು ಕಲಿಯಬೇಕು. ಕೂಡಿಡುವ ಬುದ್ಧಿ ಇರುವ ನಮ್ಮಂಥವರಿಗೆ ಅದೇ ದೊಡ್ಡ ಪಾಠ. ಕೈಗೆ ಲೂಪ್ಲೆಟ್ ಕಟ್ಟಿಕೊಂಡು, ಡಂಜನ್‌ನಲ್ಲಿ ಸಿಗುವ ಎಮೆರಾ ಕಲ್ಲುಗಳನ್ನು ಅದಕ್ಕೆ ಕೂಡಿಸಿದರೆ ಹೊಸ ಹೊಸ ಶಕ್ತಿ ಬರುತ್ತದೆ, ಆಚೆ ಬಂದ ತಕ್ಷಣ ಕಲ್ಲುಗಳು ಮಾಯ. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು, ಒಂದೊಂದು ಸಲ ಇಳಿದಾಗಲೂ ಕೈ ಬೇರೆಯೇ.

ಹಿಡಿಸದ್ದು ಏನಪ್ಪಾ ಅಂದರೆ, ಪೊಕೆಮಾನ್ ಕೂಡಿಸುವ ಖುಷಿ ಹೋದದ್ದು. ಇಲ್ಲಿ ಡಂಜನ್‌ನಲ್ಲಿ ಸೋತವರು ಬಂದು ಸೇರುವುದಿಲ್ಲ. ಕೆಲಸ ಮಾಡಿಕೊಟ್ಟರೆ, ಮಾತಾಡಿಸಿದರೆ ಪರಿಚಯವಾಗಿ ಪಟ್ಟಿಗೆ ಸೇರುತ್ತಾರೆ. 720ನ್ನೂ ತುಂಬಿಸಲು ಇದು ಸುಲಭದ ದಾರಿ, ನಿಜ. ಆದರೆ ಎಂಟನೇ ಮಹಡಿಯಲ್ಲಿ ಉಸಿರು ಬಿಗಿಹಿಡಿದಾಗ ಅನಿರೀಕ್ಷಿತವಾಗಿ ಒಬ್ಬ ಬಂದು 'ನಾನೂ ಬರ್ತೀನಿ' ಅನ್ನುವುದಿದೆಯಲ್ಲ, ಆಮೇಲೆ ಅವನನ್ನು ಜೀವಂತ ಮನೆಗೆ ಮುಟ್ಟಿಸುವ ಒದ್ದಾಟ, ಅದು ಹೋಯಿತು. ಇನ್ನು ಹಳ್ಳಿ, ಶಾಲೆ ಅಂತ ಮೊದಲರ್ಧ ಎಳೆದಿದ್ದಾರೆ. ಎಳೆದರೂ ಎರಡನೇ ಅರ್ಧ ಅದಕ್ಕೆ ಬೆಲೆ ಕಟ್ಟಿಕೊಡುತ್ತದೆ.

ರೆಸ್ಕ್ಯೂ ಟೀಮ್ ಡಿಎಕ್ಸ್

2020ರ ಮಾರ್ಚ್ 6, ಸ್ವಿಚ್. ಮೊದಲ ಆಟವನ್ನೇ ಹೊಸದಾಗಿ ಕಟ್ಟಿದ್ದು. ನೋಡಲು ಯಾರಾದರೂ ವಾಟರ್‌ಕಲರ್‌ನಲ್ಲಿ ಬಿಡಿಸಿದ ಮಕ್ಕಳ ಪುಸ್ತಕದ ಹಾಗೆ. ತೆರೆದ ಕೂಡಲೇ ಕಣ್ಣಿಗೆ ತಂಪು. ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆ ಬಂದ ಪೊಕೆಮಾನ್ ಇಷ್ಟವಿಲ್ಲದಿದ್ದರೆ ಬೇರೆ ಆರಿಸಿಕೊಳ್ಳಬಹುದು. ಎ ಬಟನ್ ಒತ್ತಿದರೆ ಆಟವೇ ಸರಿಯಾದ ಮೂವ್, ಅಂದರೆ ಹೊಡೆಯುವ ಪಟ್ಟು, ಆರಿಸಿ ಹೊಡೆಯುತ್ತದೆ. ಎಲ್ ಒತ್ತಿದರೆ ಪಾತ್ರ ತಾನೇ ನಡೆದುಕೊಂಡು ಹೋಗಿ ಸಾಮಾನು ಹೆಕ್ಕಿ, ಮೆಟ್ಟಿಲು ಹುಡುಕಿ, ಎದುರಾಳಿ ಕಂಡಾಗ ಮಾತ್ರ ನಿಲ್ಲುತ್ತದೆ. ಮೂವರ ತಂಡವಾಗಿ ಹೊರಟು, ದಾರಿಯಲ್ಲಿ ಸೇರಿದವರೆಲ್ಲ ಸೇರಿ ಎಂಟು ಜನರ ಮೆರವಣಿಗೆ ಆಗಬಹುದು. ಬಿದ್ದರೆ ನಿಮ್ಮದೇ ಬೇರೆ ತಂಡ ಕಳಿಸಿ ನಿಮ್ಮನ್ನೇ ಎತ್ತಿಸಿಕೊಳ್ಳಬಹುದು.

ಇಷ್ಟೆಲ್ಲ ಅನುಕೂಲ ಕೊಟ್ಟ ಮೇಲೆ ಭಯ ಎಲ್ಲಿಂದ ಬರಬೇಕು? ಮುಖ್ಯ ಕಥೆ ಪೂರ್ತಿ ನಿದ್ದೆಗಣ್ಣಲ್ಲಿ ಮುಗಿಸಬಹುದು. ಒಂದು ಬದಲಾವಣೆ ಮಾತ್ರ ಉಲ್ಟಾ ಕಡೆಗಿದೆ, ಅದು ನನಗೆ ಇಷ್ಟವಾಯಿತು: ಹಳೆಯ ಆಟಗಳಲ್ಲಿ ಮೂವ್ ಬಳಸುವ ಲೆಕ್ಕ ಖಾಲಿಯಾದರೂ ಸುಮ್ನೆ ಒಂದು ಸಾದಾ ಏಟು ಹೊಡೆಯಬಹುದಿತ್ತು, ಅದನ್ನು ತೆಗೆದಿದ್ದಾರೆ. ಎಲ್ಲ ಏಟಿಗೂ ಲೆಕ್ಕ ಇದೆ. ಉದ್ದದ ಡಂಜನ್‌ಗಳಲ್ಲಿ ಇದು ಚುರುಕು ಮುಟ್ಟಿಸುತ್ತದೆ. ಕಥೆ ಮುಗಿದ ಮೇಲಿನ ಡಂಜನ್‌ಗಳೂ ಸುಲಭವಲ್ಲ. ಸ್ವಲ್ಪ ಹೊತ್ತು ಮಾತ್ರ ರೂಪ ಬದಲಾಗಿ ಶಕ್ತಿ ಏರುವ ಮೆಗಾ ವಿಕಾಸ ಬಂದಿದೆ, ಬಣ್ಣ ಬೇರೆ ಇರುವ ಶೈನಿಗಳು ಬಂದಿವೆ. ಆದರೆ ಹೊಸ ಕಥೆ ಅಂತ ಹೆಚ್ಚೇನಿಲ್ಲ, 2005ರ ಕಥೆಯನ್ನೇ ಪೂರ್ತಿ ಬೆಲೆಗೆ, ಅಮೆರಿಕದಲ್ಲಿ 60 ಡಾಲರ್‌ಗೆ ಮಾರಿದರು. ರೆಡ್ ಆಡಿ ಮುಗಿಸಿದವರು ಯೋಚನೆ ಮಾಡಿಯೇ ಕೊಳ್ಳಿ. ಮೊದಲ ಸಲದವರಿಗೆ ಯೋಚನೆಯೇ ಬೇಡ: ಹೊರದೇಶದ ಇಶಾಪ್‌ನಲ್ಲಿ ಪುಕ್ಕಟೆ ಡೆಮೊ ಇದೆ, ಆಡಿದಷ್ಟು ಆಟ ಪೂರ್ತಿ ಆಟಕ್ಕೆ ವರ್ಗವಾಗುತ್ತದೆ.

ಹಾಗಾದರೆ ಯಾವುದು?

ಮಕ್ಕಳಿಗೆ ಕೊಡಿಸುವವರು ಡಿಎಕ್ಸ್ ತೆಗೆದುಕೊಳ್ಳಿ. ಸ್ವಿಚ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸೇವ್, ಮನೆಯಲ್ಲಿ ಶಾಂತಿ. ಆದರೆ ಒಂದು ಎಚ್ಚರ. ಈ ಆಟಗಳಲ್ಲಿ ಓದುವುದು ತುಂಬಾ ಇದೆ, ಅದೂ ಇಂಗ್ಲಿಷ್‌ನಲ್ಲಿ, ದನಿ ಇಲ್ಲ. ಇಂಗ್ಲಿಷ್ ಸಲೀಸಾಗಿ ಓದಲು ಬಾರದ ಮಗುವಿಗೆ ಕಥೆ ಪೂರ್ತಿ ಕೈತಪ್ಪುತ್ತದೆ, ಉಳಿಯುವುದು ಒತ್ತು, ನಡೆ, ಹೊಡೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುವ ಅಕ್ಕನೋ ಅಪ್ಪನೋ ಇದ್ದರೆ ಬೇರೆ ಮಾತು. ಹಾಗೆ ಆಡಿದರೆ ಇನ್ನೂ ಮಜಾ.

ಕಥೆಗಾಗಿ ಆಡುವವರಿಗೆ ಸ್ಕೈ. ಬೇರೆ ಉತ್ತರ ನನ್ನ ಹತ್ತಿರ ಇಲ್ಲ. ಸವಾಲು ಬೇಕು, ಏಟು ತಿಂದರೂ ಪರವಾಗಿಲ್ಲ, 3ಡಿಎಸ್ ಇದೆ ಅನ್ನುವವರಿಗೆ ಸೂಪರ್. ಎಕ್ಸ್‌ಪಾನ್ಷನ್ ಪ್ಯಾಕ್ ಚಂದಾ ಈಗಾಗಲೇ ಇರುವವರು ರೆಡ್ ಆಡಿ ನೋಡಿ, ಹೆಚ್ಚು ಖರ್ಚಿಲ್ಲ. ಅದೊಂದಕ್ಕೇ ಅಂತ ವರ್ಷಕ್ಕೆ 50 ಡಾಲರ್ ಚಂದಾ ಕಟ್ಟುವುದು ದುಬಾರಿ.

ರೆಡ್ ಮತ್ತು ಡಿಎಕ್ಸ್ ಎರಡರಲ್ಲಿ ಯಾವುದು ಅಂತ ಗೊಂದಲ ಇದ್ದರೆ ಒಂದು ಪರೀಕ್ಷೆ ಇದೆ. ಡಿಎಕ್ಸ್ ಡೆಮೊದಲ್ಲಿ ಆ ಎಲ್ ಬಟನ್ ನಿಮಗೆ ವರದ ಹಾಗೆ ಕಂಡರೆ ಡಿಎಕ್ಸ್ ಕೊಳ್ಳಿ. 'ಇದೇ ನಡೆದರೆ ನಾನ್ಯಾಕೆ ಇಲ್ಲಿ?' ಅನ್ನಿಸಿದರೆ ರೆಡ್.

ಕೊಳ್ಳುವಾಗ

ನಮ್ಮಲ್ಲಿ ನಿಂಟೆಂಡೊ ನೇರವಾಗಿ ಮಾರುವುದಿಲ್ಲ, ಭಾರತದ ಇಶಾಪ್ ಕೂಡ ಇಲ್ಲ. ಹೊರಗಿಂದ ತರಿಸಿ ಮಾರುವ ಅಂಗಡಿ, ಆನ್‌ಲೈನ್, ಇಲ್ಲವೇ ಅಮೆರಿಕದಿಂದಲೋ ದುಬೈಯಿಂದಲೋ ಬರುವ ಅಣ್ಣ, ಚಿಕ್ಕಪ್ಪ. ಅವರಿಗೆ ಹೇಳಿ ತರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಸ್ವಿಚ್ ಆಟ ಯಾವ ದೇಶದ್ದಾದರೂ ನಡೆಯುತ್ತದೆ. ಸ್ಕೈ, ಬ್ಲೂ ಥರದ ಡಿಎಸ್ ಆಟಗಳೂ ಹಾಗೆಯೇ, 3ಡಿಎಸ್‌ಗೆ ಹಾಕಿದರೂ ನಡೆಯುತ್ತವೆ. ಆದರೆ 3ಡಿಎಸ್ ಆಟಗಳಿಗೆ ಪ್ರದೇಶದ ಬೀಗ ಇದೆ. ನಿಮ್ಮ ಮಷೀನ್ ಯುರೋಪಿನದ್ದಾಗಿದ್ದು ಚಿಕ್ಕಪ್ಪ ಅಮೆರಿಕದ ಸೂಪರ್ ತಂದರೆ ಅದು ಶೋಕೇಸಿಗೆ ಮಾತ್ರ. ರೆಡ್‌ನ ಹಳೆಯ ಗೇಮ್‌ಬಾಯ್ ಕಾರ್ಟ್ರಿಜ್ ಮೊದಲ ಡಿಎಸ್‌ಗೂ ಡಿಎಸ್ ಲೈಟ್‌ಗೂ ಹೊಂದುತ್ತದೆ, ಡಿಎಸ್‌ಐ ಮತ್ತು 3ಡಿಎಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ.

ಹಳೆಯ ಪೊಕೆಮಾನ್ ಕಾರ್ಟ್ರಿಜ್‌ಗಳಲ್ಲಿ ನಕಲಿ ತುಂಬಾ. ನಕಲಿಯೂ ಆಡುತ್ತದೆ, ಚೆನ್ನಾಗಿಯೇ ಆಡುತ್ತದೆ, ಆಮೇಲೆ ಒಂದು ದಿನ ಸೇವ್ ಅಳಿಸಿಹೋಗಿರುತ್ತದೆ. ಸ್ಕೈ ಅಗ್ಗ ಅಲ್ಲ, ಯಾರಾದರೂ ತೀರಾ ಕಡಿಮೆ ಬೆಲೆಗೆ ಹೊಸದು ಅಂತ ಕೊಟ್ಟರೆ ಅನುಮಾನಪಡಿ. ಲೇಬಲ್‌ನ ಅಚ್ಚು ಮಸುಕಾಗಿದೆಯಾ, ಅಕ್ಷರ ಸೊಟ್ಟಗಿದೆಯಾ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ ಹಾಕಿ, ಸೇವ್ ಮಾಡಿ, ಆರಿಸಿ, ಮತ್ತೆ ತೆರೆದು ನೋಡಿ ದುಡ್ಡು ಕೊಡಿ.

ಹಳೆಯ ಆಟಗಳಲ್ಲಿ ಇಂಟರ್ನೆಟ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಡಿಎಸ್‌ನ ಆನ್‌ಲೈನ್ ಸೇವೆ 2014ರಲ್ಲೇ ನಿಂತಿತು, ಆದರೆ ನೀವು ಬಿದ್ದಾಗ ಬರುವ ಉದ್ದದ ಪಾಸ್‌ವರ್ಡನ್ನು ಗೆಳೆಯರಿಗೆ ವಾಟ್ಸ್ಆ್ಯಪ್ ಮಾಡಿದರೆ ಅವರು ತಮ್ಮ ಆಟದಲ್ಲಿ ಅದನ್ನು ಹಾಕಿ, ನಿಮ್ಮ ಡಂಜನ್‌ಗೆ ಇಳಿದು ನಿಮ್ಮನ್ನು ಎತ್ತಬಹುದು. ಅವರು ವಾಪಸ್ ಕೊಡುವ ಪಾಸ್‌ವರ್ಡ್ ಹಾಕಿದರೆ ಬ್ಯಾಗಿನ ಸಮೇತ ನೀವು ಬಿದ್ದಲ್ಲೇ ಎದ್ದು ನಿಲ್ಲುತ್ತೀರಿ. ಜೊತೆಗೆ ಆಡುವ ಒಬ್ಬ ಗೆಳೆಯನನ್ನು ಹುಡುಕಿಕೊಂಡರೆ ಸೂಪರ್ ಥರದ ಕಠಿಣ ಆಟವೂ ತಡೆದುಕೊಳ್ಳುವಂತಾಗುತ್ತದೆ.

ನಿಂಟೆಂಡೊ ಮಷೀನ್ ಯಾವುದೂ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ ಅನ್ನುವವರು ಪಕ್ಕದ ಮನೆಗೆ ಹೋಗಬಹುದು. ಪಿಎಸ್4 ಇದ್ದರೆ 2019ರ ಚೊಕೋಬೊ ಮಿಸ್ಟರಿ ಡಂಜನ್ ಇದೆ, ಅದರಲ್ಲೂ ಸೋತ ರಾಕ್ಷಸರನ್ನು ಜೊತೆಗಾರರಾಗಿ ಕರೆದುಕೊಂಡು ಹೋಗಬಹುದು, ಮೃದು ಸ್ವಭಾವದ ಆಟ. ಕಂಪ್ಯೂಟರ್ ಇದ್ದರೆ ಶಿರೆನ್‌ನ ಸರ್ಪೆಂಟ್‌ಕಾಯಿಲ್ ದ್ವೀಪದ ಆಟ 2024ರ ಡಿಸೆಂಬರ್‌ನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಗೆ ಬಂದಿದೆ. ಅದೇ ಸ್ಪೈಕ್ ಚುನ್‌ಸಾಫ್ಟ್, ಅದೇ ಕೋಣೆ, ಅದೇ ಮಾನ್‌ಸ್ಟರ್ ಹೌಸ್, ಅಂಗಡಿಯಲ್ಲಿ ಕದಿಯುವ ಅವಕಾಶವೂ ಉಂಟು. ಆದರೆ ಶಿರೆನ್ ಸತ್ತರೆ ಲೆವೆಲ್ ಮತ್ತೆ ಒಂದು, ಬ್ಯಾಗ್ ಖಾಲಿ. ಸೂಪರ್ ಕೂಡ ಸುಲಭ ಆಯ್ತು ಅನ್ನುವವರು ಅಲ್ಲಿಂದ ಶುರು ಮಾಡಿ.